ಆನ್ ಆಗದ ಫೋನು, ಕಾರಣ ಹೇಳದ ಸಲಹೆ

‘ಫೋನ್ ಆನ್ ಆಗುತ್ತಿಲ್ಲವೇ? ಹೀಗೆ ಮಾಡಿ ನೋಡಿ’ ಅನ್ನೋ ಥರದ ಬರಹಗಳನ್ನು ನೀವೂ ಓದಿರ್ತೀರಿ. ಇಂಗ್ಲಿಷಿನಲ್ಲಿ ಲೆಕ್ಕ ಇಲ್ಲದಷ್ಟಿವೆ, ಕನ್ನಡದಲ್ಲೂ ಈಗ ಸಾಕಷ್ಟು ಬಂದಿವೆ. ಎಲ್ಲದರ ಅಚ್ಚು ಒಂದೇ. ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಡಿ. ಕೇಬಲ್ ಬದಲಿಸಿ. ಪವರ್ ಬಟನ್ ಒತ್ತಿ ಹಿಡಿಯಿರಿ. ವಾಲ್ಯೂಮ್ ಬಟನ್ ಜೊತೆ ಸೇರಿಸಿ ಒತ್ತಿ ಹಿಡಿಯಿರಿ. ಫ್ಯಾಕ್ಟರಿ ರೀಸೆಟ್ ಮಾಡಿ. ಏನೂ ಆಗಲಿಲ್ಲ ಅಂದ್ರೆ ಹತ್ತಿರದ ಸರ್ವಿಸ್ ಸೆಂಟರಿಗೆ ಹೋಗಿ. ಮುಗೀತು.

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಒಂದೊಂದು ಹೆಜ್ಜೆಯೂ ಯಾವುದೋ ಒಂದು ಫೋನಿಗೆ, ಯಾವುದೋ ಒಂದು ದಿನ ಕೆಲಸ ಮಾಡಿದ್ದೇ. ಆದರೂ ಈ ಬರಹಗಳ ಮೇಲೆ ನನ್ನವು ಎರಡು ತಕರಾರುಗಳಿವೆ. ಏನು ಮಾಡಬೇಕು ಅಂತ ಹೇಳ್ತಾರೆ, ಯಾಕೆ ಅಂತ ಹೇಳಲ್ಲ. ಇದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು: ಫೋನ್ ಆನ್ ಆಗಿಬಿಟ್ಟರೆ ಕೆಲಸ ಆಯ್ತು ಅಂದುಕೊಂಡು ಬರೆದಿರ್ತಾರೆ. ಫೋನ್ ಕೈಕೊಟ್ಟವರನ್ನು ಕೇಳಿ ನೋಡಿ, ಅವರ ಸಂಕಟ ಇರೋದು ಒಳಗಿದ್ದ ಫೋಟೋ, ನಂಬರು, ಲೆಕ್ಕಗಳ ಬಗ್ಗೆ.

ಹೆಸರಿನಿಂದಲೇ ಶುರು ಮಾಡೋಣ. ಟ್ರಬಲ್‌ಶೂಟಿಂಗ್ ಅನ್ನೋದಕ್ಕೆ ಕನ್ನಡದಲ್ಲಿ ‘ದೋಷನಿವಾರಣೆ’ ಅಂತ ಬರೆಯೋದು ರೂಢಿಯಾಗಿದೆ. ದೋಷನಿವಾರಣೆ ಅಂದ ತಕ್ಷಣ ನಮ್ಮೂರ ಕಡೆಯವರಿಗೆ ನೆನಪಾಗೋದು ಕುಕ್ಕೆ ಸುಬ್ರಹ್ಮಣ್ಯ. ಸರ್ಪದೋಷ, ಕುಜದೋಷ, ಅದಕ್ಕೊಂದು ಶಾಂತಿ. ಮೊದಮೊದಲು ಈ ಪದ ನೋಡಿ ನಗು ಬರ್ತಿತ್ತು. ಈಗ ಅನ್ನಿಸೋದು, ಅನುವಾದ ಮಾಡಿದವರು ಗೊತ್ತಿಲ್ಲದೇ ಸರಿಯಾದ ಪದವನ್ನೇ ಹಾಕಿದ್ದಾರೆ. ಇಷ್ಟು ಹೊತ್ತು ಹೀಗೆ ಹಿಡಿ, ಇಷ್ಟು ಸಲ ಹೀಗೆ ಒತ್ತು, ಫಲ ಸಿಗಬಹುದು. ಯಾಕೆ ಅಂತ ಕೇಳೋ ಹಾಗಿಲ್ಲ. ಶಾಂತಿ ಮಾಡಿಸೋದು ನಂಬಿಕೆಯ ವಿಷಯ, ಅಲ್ಲಿ ಕಾರಣ ಕೇಳಬೇಕಾಗಿಲ್ಲ. ಫೋನು ಮನುಷ್ಯರು ಮಾಡಿದ ಯಂತ್ರ. ಅದರ ಒಂದೊಂದು ವರ್ತನೆಗೂ ಕಾರಣ ಇದೆ, ಆ ಕಾರಣವನ್ನು ನಾಲ್ಕು ಸಾಲಿನಲ್ಲಿ ಹೇಳೋಕೂ ಬರುತ್ತೆ.

‘ಅರ್ಧ ಗಂಟೆ ಚಾರ್ಜಿಗೆ ಹಾಕಿ’ ಅನ್ನೋದನ್ನೇ ತಗೊಳ್ಳಿ. ಹೆಚ್ಚಿನವರು ಐದು ನಿಮಿಷ ನೋಡ್ತಾರೆ, ಪರದೆ ಮೇಲೆ ಬ್ಯಾಟರಿ ಚಿತ್ರ ಕೂಡ ಬರಲ್ಲ, ‘ಹೋಯ್ತು ಬಿಡು’ ಅಂತ ವೈರ್ ಕಿತ್ತುಹಾಕ್ತಾರೆ. ಅರ್ಧ ಗಂಟೆ ಯಾಕೆ ಅಂತ ಯಾರೂ ಹೇಳಿರಲ್ಲ. ಫೋನಿನ ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ 4.2 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ಇರುತ್ತೆ. ಖಾಲಿಯಾದ ಫೋನನ್ನು ವಾರಗಟ್ಟಲೆ ಬೀರುವಿನಲ್ಲಿ ಇಟ್ಟರೆ ಅದು 3 ವೋಲ್ಟಿಗಿಂತ ಕೆಳಗೆ ಇಳಿಯಬಹುದು. ಅಷ್ಟು ಇಳಿದ ಬ್ಯಾಟರಿಗೆ ಒಮ್ಮೆಲೇ ಪೂರ್ತಿ ಕರೆಂಟ್ ಕೊಡೋದು ಅಪಾಯ. ಅದಕ್ಕೇ ಚಾರ್ಜಿಂಗ್ ಚಿಪ್ ಮೊದಲು ತೀರಾ ಸಣ್ಣ ಕರೆಂಟ್ ಹರಿಸುತ್ತೆ, ವೋಲ್ಟೇಜ್ ಒಂದು ಮಟ್ಟಕ್ಕೆ ಬಂದ ಮೇಲೆ ಮಾಮೂಲಿ ಚಾರ್ಜ್ ಶುರು ಮಾಡುತ್ತೆ. ಮೂರು ದಿನ ಉಪವಾಸ ಇದ್ದವರಿಗೆ ಮೊದಲು ಗಂಜಿ ಕೊಡ್ತೀವಲ್ಲ, ಹೋಳಿಗೆ ಬಡಿಸಲ್ಲವಲ್ಲ, ಹಾಗೆ. ಗಂಜಿ ಕುಡಿಯೋ ಹೊತ್ತಿನಲ್ಲಿ ಪರದೆ ಬೆಳಗಿಸುವಷ್ಟು ತ್ರಾಣ ಅದಕ್ಕಿರಲ್ಲ.

ಇಷ್ಟು ಗೊತ್ತಿದ್ದವರು ತಾಳ್ಮೆಯಿಂದ ಕಾಯ್ತಾರೆ. ಜೊತೆಗೆ, ಈ ಉಪಾಯ ಯಾವಾಗ ನಾಟಲ್ಲ ಅನ್ನೋದನ್ನೂ ತಾವೇ ಊಹಿಸ್ತಾರೆ. ರಾತ್ರಿ 60 ಪರ್ಸೆಂಟ್ ಇದ್ದ ಫೋನು ಬೆಳಿಗ್ಗೆ ಕಪ್ಪಗೆ ಬಿದ್ದಿದ್ದರೆ ಅದು ಉಪವಾಸದ ಕೇಸ್ ಅಲ್ಲ, ಬೇರೆ ಏನೋ ಇದೆ. ಫೋನಿನ ಬೆನ್ನು ಉಬ್ಬಿದ್ದರೆ ಚಾರ್ಜಿಗೆ ಹಾಕೋದೇ ತಪ್ಪು, ಉಬ್ಬಿದ ಬ್ಯಾಟರಿ ಬೆಂಕಿ ಹತ್ತಬಹುದು. ಕಾರಣ ಹೇಳಿದ್ದರೆ ಓದುಗರ ಕೈಗೆ ಮೂರು ತಿಳಿವಳಿಕೆ ಸಿಗ್ತಿತ್ತು. ಬರೀ ಆಜ್ಞೆ ಕೊಟ್ಟಿದ್ದಕ್ಕೆ ಒಂದೂ ಸಿಗಲಿಲ್ಲ.

ಇನ್ನು ಬಟನ್ ಒತ್ತಿ ಹಿಡಿಯೋ ವಿಷಯ. ಒಬ್ಬರು 7 ಸೆಕೆಂಡ್ ಅಂತಾರೆ, ಇನ್ನೊಬ್ಬರು 10, ಮತ್ತೊಬ್ಬರು 30. ಇದಕ್ಕೂ ಕಾರಣ ಇದೆ. ಫೋನಿನೊಳಗೆ ವಿದ್ಯುತ್ ಹಂಚೋದಕ್ಕೇ ಒಂದು ಪ್ರತ್ಯೇಕ ಚಿಪ್ ಇರುತ್ತೆ. ಆಂಡ್ರಾಯ್ಡೋ ಇನ್ನೊಂದೋ ಸಿಕ್ಕಿಹಾಕಿಕೊಂಡು ಯಾವ ಮಾತಿಗೂ ಓಗೊಡದೆ ಇದ್ದಾಗಲೂ ಈ ಚಿಪ್ಪು ಬಟನ್ನಿನ ಮೇಲೆ ಕಣ್ಣಿಟ್ಟಿರುತ್ತೆ. ಕಂಪನಿ ನಿಗದಿ ಮಾಡಿದಷ್ಟು ಹೊತ್ತು ಒತ್ತಿ ಹಿಡಿದರೆ, ಮೇಲಿನವರನ್ನು ಕೇಳದೆ ಎಲ್ಲದಕ್ಕೂ ಕರೆಂಟ್ ಕಿತ್ತು ಮತ್ತೆ ಕೊಡುತ್ತೆ. ಹಳೇ ನೋಕಿಯಾದಲ್ಲಿ ಬೆನ್ನು ಬಿಚ್ಚಿ ಬ್ಯಾಟರಿ ತೆಗೆದು ಹಾಕ್ತಿದ್ದೆವಲ್ಲ, ಅದರ ಬದಲಿಗೆ ಇಟ್ಟ ವ್ಯವಸ್ಥೆ ಇದು. ಒಳಗಿನ ಫೋಟೋ, ಮೆಸೇಜು ಇದರಿಂದ ಅಳಿಸಿಹೋಗಲ್ಲ. ಈ ಕೊನೆಯ ಮಾತನ್ನು ದಪ್ಪ ಅಕ್ಷರದಲ್ಲಿ ಬರೀಬೇಕು. ಊರಲ್ಲಿ ಎಷ್ಟೋ ಜನ ‘ಎಲ್ಲಾ ಹೋಗಿಬಿಟ್ರೆ?’ ಅನ್ನೋ ಭಯಕ್ಕೆ ಇದನ್ನು ಮಾಡೋಕೇ ಹೋಗಲ್ಲ.

ಇಲ್ಲಿ ಬರಹಗಾರರಿಗಿಂತ ಫೋನ್ ಮಾಡಿದವರನ್ನೇ ಹೆಚ್ಚು ಬಯ್ಯಬೇಕು. ಐಫೋನನ್ನೇ ನೋಡಿ. 6ಎಸ್‌ವರೆಗೆ ಹೋಮ್ ಬಟನ್ನು ಪವರ್ ಬಟನ್ನು ಸೇರಿಸಿ ಹಿಡಿದರೆ ಸಾಕಿತ್ತು. 2016ರಲ್ಲಿ ಬಂದ 7ರಲ್ಲಿ ಹೋಮ್ ಬಟನ್ ಒತ್ತಿದರೆ ನಿಜವಾಗಿ ಒಳಗೆ ಹೋಗೋ ಬಟನ್ ಆಗಿ ಉಳಿಯಲಿಲ್ಲ. ಸಾಫ್ಟ್‌ವೇರ್ ನಡೀತಾ ಇದ್ದರಷ್ಟೇ ಅದಕ್ಕೂ ಜೀವ. ಹಾಗಾಗಿ ಅದರ ಜಾಗಕ್ಕೆ ವಾಲ್ಯೂಮ್ ಡೌನ್ ಬಂತು. 2017ರ 8ರಿಂದ ವಾಲ್ಯೂಮ್ ಅಪ್ ಒಮ್ಮೆ ಒತ್ತಿ ಬಿಡಬೇಕು, ವಾಲ್ಯೂಮ್ ಡೌನ್ ಒಮ್ಮೆ ಒತ್ತಿ ಬಿಡಬೇಕು, ಆಮೇಲೆ ಪಕ್ಕದ ಬಟನ್ನನ್ನು ಸೇಬಿನ ಗುರುತು ಬರೋವರೆಗೆ ಹಿಡೀಬೇಕು. ಎರಡೇ ವರ್ಷದಲ್ಲಿ ಮೂರು ಮಂತ್ರ. ಅದೇ 2017ರ ಐಫೋನ್ ಟೆನ್‌ನಲ್ಲಿ ಪಕ್ಕದ ಬಟನ್ ಒತ್ತಿ ಹಿಡಿದರೆ ಸಿರಿ ಮಾತಾಡೋಕೆ ಬಂದಳು. ಸ್ಯಾಮ್‌ಸಂಗ್‌ನವರು ನೋಟ್ 10ರಲ್ಲಿ ಪವರ್ ಬಟನ್ನನ್ನು ‘ಸೈಡ್ ಕೀ’ ಮಾಡಿ ಅಲ್ಲಿ ಬಿಕ್ಸ್‌ಬಿಯನ್ನು ಕೂರಿಸಿದರು. ಆಫ್ ಮಾಡೋ ಬಟನ್ ಒತ್ತಿದರೆ ಫೋನು ‘ಏನು ಬೇಕಿತ್ತು’ ಅಂತ ಕೇಳುತ್ತೆ! ಪವರ್ ಬಟನ್ನು ಅನ್ನೋ ಹೆಸರು ಉಳೀತು, ಕೆಲಸ ಬೇರೆಯಾಯ್ತು. ಇದನ್ನು ಹೇಳದೆ ‘ಪವರ್ ಬಟನ್ ಒತ್ತಿ ಹಿಡಿಯಿರಿ’ ಅಂತ ಒಂದೇ ಸಾಲು ಬರೆದರೆ ಓದಿದವರು ಏನು ಮಾಡಬೇಕು?

ಈಗ ನಮ್ಮೂರಿನ ಬೋರ್‌ವೆಲ್ ಹತ್ತಿರ ಹೋಗೋಣ. ಮೋಟರ್ ಆನ್ ಆಗಲಿಲ್ಲ ಅಂದ್ರೆ ರೈತ ಮೊದಲು ಏನು ಮಾಡ್ತಾನೆ? ಬಟನ್ ಒತ್ತಿ ಹಿಡಿದುಕೊಂಡು ನಿಲ್ಲಲ್ಲ, ಪ್ಯಾನೆಲ್ ಬೋರ್ಡ್ ನೋಡ್ತಾನೆ. ಮೂರು ಫೇಸಿಗೆ ಮೂರು ದೀಪ, ಕೆಂಪು, ಹಳದಿ, ನೀಲಿ. ಒಂದು ಉರೀತಿಲ್ಲ ಅಂದ್ರೆ ಒಂದು ಫೇಸ್ ಇಲ್ಲ, ಈಗ ಹಾಕಿದರೆ ವೈಂಡಿಂಗ್ ಸುಡುತ್ತೆ, ಸುಮ್ಮನೆ ಮನೆಗೆ ಹೋಗೋದು. ಮೂರೂ ಉರೀತಿದ್ದು ಮೋಟರ್ ಏಳಲಿಲ್ಲ ಅಂದ್ರೆ ಫ್ಯೂಸ್ ನೋಡೋದು, ರಿಲೇ ಟ್ರಿಪ್ ಆಗಿದೆಯಾ ನೋಡೋದು. ಮೋಟರ್ ಎದ್ದರೆ ಆಂಪ್ ಮೀಟರ್ ನೋಡೋದು. ಮುಳ್ಳು ಜಾಸ್ತಿ ಏರಿದರೆ ಪಂಪ್ ಜಾಮ್ ಆಗಿರಬಹುದು, ಮಾಮೂಲಿಗಿಂತ ಕಮ್ಮಿ ತೋರಿಸಿದರೆ ಕೆಳಗೆ ನೀರಿಲ್ಲ. ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟವರೂ ಇದನ್ನು ಮಾಡ್ತಾರೆ. ಮೊದಲು ನೋಡೋದು, ಆಮೇಲೆ ಮುಟ್ಟೋದು. ಹಾನಿ ಆಗೋ ಕೆಲಸ ಕೊನೆಗೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ನಾನು ಕಲಿತ ಡೀಬಗ್ಗಿಂಗ್ ಕ್ರಮವೂ ಇದಕ್ಕಿಂತ ಬೇರೆ ಏನಲ್ಲ.

ಆದರೆ ಲಕ್ಷ ರೂಪಾಯಿ ಫೋನಿನಲ್ಲಿ ಆ ಮೂರು ದೀಪದಲ್ಲಿ ಒಂದೂ ಇಲ್ಲ. ಮುಂಚೆ ಅನೇಕ ಆಂಡ್ರಾಯ್ಡ್ ಫೋನುಗಳ ಮುಖದ ಮೇಲೆ ಸಣ್ಣ ಎಲ್‌ಇಡಿ ಇರ್ತಿತ್ತು, ಚಾರ್ಜಿಗೆ ಹಾಕಿದರೆ ಕೆಂಪಗೆ ಉರೀತಿತ್ತು. ಪರದೆ ಅಂಚಿನಿಂದ ಅಂಚಿಗೆ ಹಿಗ್ಗುತ್ತಾ ಅದೂ ಹೋಯ್ತು. ಈಗ ಫೋನು ಏನು ಹೇಳಬೇಕಿದ್ದರೂ ಪರದೆಯ ಮೇಲೇ ಹೇಳಬೇಕು. ಪರದೆ ಕಪ್ಪಗಿದ್ದರೆ ಅದಕ್ಕೆ ಬಾಯೇ ಇಲ್ಲ.

ಸಲಹೆ ಬರೆಯೋರು ಮೊದಲು ಹೇಳಬೇಕಾಗಿದ್ದೇ ಇದನ್ನು. ಕಪ್ಪು ಪರದೆ ಅಂದ್ರೆ ಒಂದು ಕಾಯಿಲೆಯಲ್ಲ, ಮೂರು. ಫೋನಿಗೆ ಕರೆಂಟೇ ಸಿಗ್ತಿಲ್ಲದೆ ಇರಬಹುದು. ಕರೆಂಟ್ ಇದ್ದೂ ಸಾಫ್ಟ್‌ವೇರ್ ಅಥವಾ ಬೋರ್ಡು ಏಳದೆ ಇರಬಹುದು. ಇಲ್ಲವೇ ಫೋನು ಚೆನ್ನಾಗಿಯೇ ನಡೀತಾ ಇದ್ದು ಡಿಸ್‌ಪ್ಲೇ ಮಾತ್ರ ಸತ್ತಿರಬಹುದು. ಮೂರನ್ನೂ ಬೇರೆ ಮಾಡೋಕೆ ದುಡ್ಡು ಬೇಕಿಲ್ಲ. ಇನ್ನೊಂದು ಫೋನಿಂದ ಕರೆ ಮಾಡಿ. ಕಪ್ಪು ಫೋನು ರಿಂಗ್ ಆದರೆ, ಗುಂಯ್‌ಗುಟ್ಟಿದರೆ, ಅದು ಬದುಕಿದೆ, ಡಿಸ್‌ಪ್ಲೇ ಹಾಕಿಸಿದರೆ ಸಾಕು. ಸೈಲೆಂಟಿನಲ್ಲಿದ್ದರೆ ಕಂಪ್ಯೂಟರಿಗೆ ಚುಚ್ಚಿ ನೋಡಿ, ಕಂಪ್ಯೂಟರ್ ‘ಟಿಂಗ್’ ಅಂದರೂ ಒಳಗೆ ಏನೋ ಎದ್ದಿದೆ ಅಂತಲೇ. ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟರೆ, ಎಲ್‌ಸಿಡಿ ಫೋನಾಗಿದ್ದರೆ, ಮಸುಕಾದ ಚಿತ್ರ ಕಾಣಬಹುದು, ಆಗ ಹೋಗಿರೋದು ಹಿಂದಿನ ಬೆಳಕು ಮಾತ್ರ. ನಾನು ಓದಿದ ಪಟ್ಟಿಗಳಲ್ಲಿ ಇವು ಬಂದರೂ ಎಂಟನೆಯದೋ ಒಂಬತ್ತನೆಯದೋ ಆಗಿ ಬರ್ತಾವೆ, ರೀಸೆಟ್ಟಿನ ಅಕ್ಕಪಕ್ಕದಲ್ಲಿ. ಪ್ಯಾನೆಲ್ ನೋಡೋದಕ್ಕೆ ಮೊದಲೇ ಮೋಟರ್ ಬಿಚ್ಚಿದ ಹಾಗಾಯ್ತು.

ನೀರಿಗೆ ಬಿದ್ದ ಫೋನಿಗೆ ಅಕ್ಕಿಯ ಉಪಾಯ ಇನ್ನೂ ಸತ್ತಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಒಳಗಿನ ಪಸೆ ಅದು ಎಳೆಯುತ್ತೆ ಅನ್ನೋ ನಂಬಿಕೆ. 2024ರಲ್ಲಿ ಆ್ಯಪಲ್ ಕಂಪನಿಯೇ ಅಕ್ಕಿಯಲ್ಲಿ ಇಡಬೇಡಿ, ಅದರ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು ಅಂತ ಬರೀತು. ನೀರಿನಲ್ಲಿ ಅಪಾಯ ಇರೋದು ಪಸೆಗಿಂತ, ಪಸೆ ಇರುವಾಗ ಹರಿಯೋ ಕರೆಂಟಿನಲ್ಲಿ. ಒದ್ದೆ ಬೋರ್ಡಿನಲ್ಲಿ ಕರೆಂಟ್ ಹರಿದರೆ ಲೋಹ ತುಕ್ಕು ಹಿಡಿಯೋದು ಚುರುಕಾಗುತ್ತೆ, ಶಾರ್ಟ್ ಆಗುತ್ತೆ. ಹಾಗಾಗಿ ನೀರು ಹೊಕ್ಕ ಫೋನನ್ನು ‘ಆನ್ ಆಗುತ್ತಾ’ ಅಂತ ಮತ್ತೆ ಮತ್ತೆ ಒತ್ತಿ ನೋಡೋದು, ಚಾರ್ಜಿಗೆ ಹಾಕೋದು ಎಲ್ಲಕ್ಕಿಂತ ಕೆಟ್ಟದ್ದು. ಪಟ್ಟಿಯ ಮೊದಲ ಸಲಹೆಯೇ ಚಾರ್ಜಿಗೆ ಹಾಕಿ ಅನ್ನೋದು ಅಲ್ವಾ? ಮಳೆಗಾಲದಲ್ಲಿ ಗದ್ದೆಯಿಂದ ಬಂದವರ ಫೋನಿಗೆ ಆ ಮೊದಲ ಸಲಹೆಯೇ ಕೊನೆಯ ಏಟು.

ಈಗ ಎರಡನೇ ತಕರಾರಿಗೆ ಬರ್ತೀನಿ. ನಮ್ಮ ಸೋದರತ್ತೆ ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯೋರು. ವಾರದ ಸಭೆ ಮುಗಿದ ಮೇಲೆ ಯಾರು ಎಷ್ಟು ಕಟ್ಟಿದರು, ಯಾರ ಸಾಲ ಎಷ್ಟು ಬಾಕಿ ಅನ್ನೋ ಪುಟದ ಫೋಟೋ ತೆಗೆದು ಇಟ್ಟುಕೊಳ್ಳೋದು ಅವರ ಪದ್ಧತಿ. ಪುಸ್ತಕ ಇನ್ನೊಬ್ಬರ ಮನೇಲಿ ಇರುತ್ತೆ, ಫೋಟೋ ಇವರ ಹತ್ತಿರ. ಒಂದು ದಿನ ಫೋನು ಕಂಪನಿಯ ಹೆಸರು ತೋರಿಸಿ ಅಲ್ಲೇ ನಿಂತುಬಿಟ್ಟಿತು. ತಾಲ್ಲೂಕಿನ ಒಂದು ಅಂಗಡಿಗೆ ಕೊಟ್ಟರು. ‘ಸಾಫ್ಟ್‌ವೇರ್ ಹೋಗಿದೆ ಅಮ್ಮ, ಹೊಸದು ಹಾಕ್ತೀನಿ, ಸಾಯಂಕಾಲ ಬನ್ನಿ’ ಅಂದರಂತೆ. ಸಾಯಂಕಾಲ ಫೋನು ಆನ್ ಆಗಿತ್ತು, ಅಂಗಡಿಯಿಂದ ಈಗ ತಂದ ಹಾಗೆ. ಹದಿನಾಲ್ಕು ತಿಂಗಳ ಪುಟಗಳು ಇರಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಒಬ್ಬರ ಸಾಲದ ಕಂತಿನ ಬಗ್ಗೆ ಸಂಘದಲ್ಲಿ ಜಗಳ ಬಂತು, ಪುಸ್ತಕದಲ್ಲಿ ತಿದ್ದಿದ ಗುರುತಿತ್ತು, ತೋರಿಸೋಕೆ ಅತ್ತೆಯ ಹತ್ತಿರ ಏನೂ ಇರಲಿಲ್ಲ. ಅಂಗಡಿಯವನ ಮೇಲೆ ಅವರಿಗೆ ಕೋಪವೂ ಇಲ್ಲ. ‘ಆನ್ ಮಾಡ್ಕೊಡಪ್ಪ ಅಂದೆ, ಮಾಡ್ಕೊಟ್ಟ. ಅವನದೇನು ತಪ್ಪು?’ ಅಂದರು.

ಅತ್ತೆ ಹೇಳಿದ್ದು ನಿಜ. ಅವನನ್ನು ಕೇಳಿದ್ದು ಆನ್ ಮಾಡೋಕೆ ಮಾತ್ರ. ಎಲ್ಲ ಸಲಹೆಪಟ್ಟಿಗಳೂ ಇದೇ ಒಂದು ಪದದ ಮೇಲೆ ನಿಂತಿವೆ. ಫ್ಯಾಕ್ಟರಿ ರೀಸೆಟ್ ಅನ್ನೋದು ಕೇಬಲ್ ಬದಲಿಸೋದರ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಇನ್ನೊಂದು ಹೆಜ್ಜೆ ಅನ್ನೋ ಹಾಗೆ ಕೂತಿರುತ್ತೆ. ಹೆಚ್ಚೆಂದರೆ ‘ಮೊದಲು ಬ್ಯಾಕಪ್ ತೆಗೆದುಕೊಳ್ಳಿ’ ಅಂತ ಒಂದು ಸಾಲು. ಆನ್ ಆಗದ ಫೋನಿನಿಂದ ಬ್ಯಾಕಪ್ ತೆಗೆಯೋದು ಹೇಗೆ ಸ್ವಾಮಿ?

ರೀಸೆಟ್ ಆದ ಮೇಲೆ ವಾಪಸ್ ತರೋ ದಾರಿಯೂ ಈಗ ಮುಚ್ಚಿದೆ. 2019ರ ಆಂಡ್ರಾಯ್ಡ್ 10ರ ಜೊತೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಹಿಡಿದು, ಒಳಗಿನ ಮಾಹಿತಿ ಎನ್‌ಕ್ರಿಪ್ಟ್ ಆಗಿರಲೇಬೇಕು ಅನ್ನೋ ನಿಯಮ ಇದೆ. ಐಫೋನಿನಲ್ಲಿ ಅದು ಇನ್ನೂ ಮುಂಚಿನಿಂದಲೇ ಇದೆ. ಅಂದ್ರೆ ಎಲ್ಲವೂ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ, ಬೀಗದ ಕೈ ಆ ಫೋನಿನ ಚಿಪ್ಪಿಗೇ ಕಟ್ಟುಬಿದ್ದಿದೆ. ಕದ್ದ ಫೋನಿನಿಂದ ನಿಮ್ಮ ಫೋಟೋ ಯಾರೂ ತೆಗೆಯಬಾರದು ಅಂತ ಮಾಡಿದ ಒಳ್ಳೆಯ ಏರ್ಪಾಡು ಇದು. ಆದರೆ ರೀಸೆಟ್ ಮಾಡಿದಾಗ ಆ ಕೈಯನ್ನೇ ನಾಶ ಮಾಡಲಾಗುತ್ತೆ. ಮೆಮೊರಿ ಚಿಪ್ಪನ್ನು ಕಿತ್ತು ಬೇರೆ ಬೋರ್ಡಿಗೆ ಹಾಕಿ ಓದೋಣ ಅಂದರೂ ಸಿಗೋದು ಅರ್ಥವಿಲ್ಲದ ಗೀಚು.

ಮಾತೂ ಇಲ್ಲಿ ಮೋಸ ಮಾಡುತ್ತೆ. ಲೋಗೋದಲ್ಲಿ ನಿಂತ ಐಫೋನನ್ನು ಕಂಪ್ಯೂಟರಿಗೆ ಜೋಡಿಸಿ ರಿಕವರಿ ಮೋಡಿಗೆ ತಂದರೆ ‘ಅಪ್‌ಡೇಟ್’, ‘ರಿಸ್ಟೋರ್’ ಅಂತ ಎರಡು ಆಯ್ಕೆ ಬರ್ತಾವೆ. ಅಪ್‌ಡೇಟ್ ಅಂದ್ರೆ ನಿಮ್ಮ ಫೋಟೋಗಳನ್ನು ಮುಟ್ಟದೆ ಸಾಫ್ಟ್‌ವೇರ್ ಮಾತ್ರ ಮತ್ತೆ ಹಾಕೋದು. ರಿಸ್ಟೋರ್ ಅಂದ್ರೆ ಎಲ್ಲ ಅಳಿಸಿ ಹೊಸದಾಗಿ ಹಾಕೋದು. ಇಂಗ್ಲಿಷ್ ಬಂದವರೂ ರಿಸ್ಟೋರ್ ಅಂದ್ರೆ ‘ವಾಪಸ್ ತಂದುಕೊಡೋದು’ ಅಂದುಕೊಂಡು ಅದನ್ನೇ ಒತ್ತುತ್ತಾರೆ. ಕನ್ನಡಕ್ಕೆ ‘ಮರುಸ್ಥಾಪಿಸಿ’ ಅಂತ ತಂದರೆ ಇನ್ನೂ ನಂಬಿಕೆ ಹುಟ್ಟುತ್ತೆ. ‘ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿ’ ಅಂತ ಬರೆಯೋಕೆ ಯಾವ ಪಾಂಡಿತ್ಯ ಬೇಕು? ಅದೇ ರೀತಿ ಅನೇಕ ಆಂಡ್ರಾಯ್ಡ್ ಫೋನುಗಳ ರಿಕವರಿ ಪಟ್ಟಿಯಲ್ಲಿ ಕ್ಯಾಶ್ ಅಳಿಸೋ ಸಾಲು, ಡೇಟಾ ಅಳಿಸೋ ಸಾಲು ಎರಡೂ ಮೇಲೆ ಕೆಳಗೆ ಇರ್ತಾವೆ. ಒಂದು ಕಸ ಗುಡಿಸೋದು, ಇನ್ನೊಂದು ಮನೆ ಕೆಡವೋದು.

ಈ ಬರಹಗಳು ಇನ್ನೊಂದು ಕೆಲಸ ಮಾಡ್ತಾವೆ. ಹತ್ತು ಹೆಜ್ಜೆ ಮಾಡಿಯೂ ಫೋನ್ ಏಳದಿದ್ದರೆ ಓದಿದವರಿಗೆ ತಮ್ಮದೇ ಏನೋ ತಪ್ಪು ಅನ್ನಿಸುತ್ತೆ. 2015ರ ಎಲ್‌ಜಿ ಜಿ4 ಫೋನುಗಳು ಆನ್ ಆಗ್ತಾ ಆಗ್ತಾ ಮತ್ತೆ ಆಫ್ ಆಗಿ ಸುತ್ತು ಹೊಡೀತಿದ್ದವು. ಒಳಗಿನ ಭಾಗಗಳ ನಡುವೆ ಸಂಪರ್ಕ ಸಡಿಲ ಇದೆ ಅಂತ 2016ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಳ್ತು. ಯಾವ ಬಟನ್ ಎಷ್ಟು ಹೊತ್ತು ಹಿಡಿದರೂ ಬೆಸುಗೆ ಗಟ್ಟಿಯಾಗಲ್ಲ. ಬ್ಯಾಟರಿ ಹಳತಾದ ಐಫೋನುಗಳು ತಟಕ್ಕನೆ ಆಫ್ ಆಗೋದನ್ನು ತಡೆಯೋಕೆ ಅವುಗಳ ವೇಗ ತಗ್ಗಿಸಿದ್ದೀವಿ ಅಂತ ಆ್ಯಪಲ್ 2017ರ ಡಿಸೆಂಬರಿನಲ್ಲಿ ಹೇಳಿತು. ಆಮೇಲೆ ಅಮೆರಿಕದಲ್ಲಿ ಬ್ಯಾಟರಿ ಬದಲಿಸೋ ದರ 79 ಡಾಲರಿನಿಂದ 29ಕ್ಕೆ ಇಳೀತು. ಒಂದು ಬ್ಯಾಟರಿ ಬದಲಿಸಿದರೆ ಸರಿಹೋಗೋ ಫೋನಿಗಾಗಿ ಎಷ್ಟು ಜನ ಹೊಸ ಫೋನ್ ಕೊಂಡಿರಬಹುದು, ಯೋಚಿಸಿ.

ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಮುಚ್ಚಿದ್ದು ಓದುಗರಲ್ಲ. ಬಳಸೋರೇ ತೆಗೆದು ಹಾಕೋ ಹಾಗೆ ಬ್ಯಾಟರಿ ಇರಬೇಕು ಅಂತ ಯುರೋಪಿನ ಒಕ್ಕೂಟ 2023ರಲ್ಲಿ ನಿಯಮ ಮಾಡಿತು, ಕೆಲವು ವಿನಾಯಿತಿಗಳ ಜೊತೆ. ಅದರ ಜಾರಿಯ ದಿನ 2027ರ ಫೆಬ್ರವರಿ 18. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ಮಾಡಿ, ಆ ವರ್ಷದ ಡಿಸೆಂಬರ್ 24ರಂದು ಒಂದು ಪೋರ್ಟಲ್ ಶುರು ಮಾಡಿತು. ಅದಕ್ಕೆ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಮೊಬೈಲ್ ಒಂದು, ಕೃಷಿ ಉಪಕರಣ ಇನ್ನೊಂದು. ಬೋರ್‌ವೆಲ್ ಪ್ಯಾನೆಲ್ಲೂ ಫೋನೂ ನನ್ನ ತಲೆಯಲ್ಲಿ ಮಾತ್ರ ಅಕ್ಕಪಕ್ಕ ಕೂತಿಲ್ಲ ಅಂತಾಯ್ತು.

ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಬೋರ್ಡ್ ರಿಪೇರಿ ಮಾಡೋರು ಏನು ಮಾಡ್ತಾರೆ ನೋಡಿ. ಬ್ಯಾಟರಿ ಬಿಚ್ಚಿ ಫೋನನ್ನು ಡಿಸಿ ಸಪ್ಲೈಗೆ ಜೋಡಿಸಿ ಆಂಪ್ ಮೀಟರ್ ಮೇಲೆ ಕಣ್ಣಿಡ್ತಾರೆ. ಬಟನ್ ಒತ್ತೋ ಮೊದಲೇ ಕರೆಂಟ್ ಎಳೆದರೆ ಶಾರ್ಟ್. ಒತ್ತಿದರೂ ಸೊನ್ನೆ ಅಂದ್ರೆ ಬಟನ್ನೋ ದಾರಿಯೋ ಕಡಿದಿದೆ. ಸ್ವಲ್ಪ ಏರಿ ಅಲ್ಲೇ ನಿಂತರೆ ಚಿಪ್ಪು ಅಥವಾ ಸಾಫ್ಟ್‌ವೇರ್. ಸರಿಯಾಗಿ ಏರಿಳಿತಾ ಇದ್ದರೆ ಫೋನು ಎದ್ದಿದೆ, ಡಿಸ್‌ಪ್ಲೇ ಇಲ್ಲ. ನಮ್ಮೂರ ರೈತ ಪ್ಯಾನೆಲ್ ಓದೋ ರೀತಿಯೇ ಇದು. ಈ ಜ್ಞಾನ ಕನ್ನಡ, ತಮಿಳು, ಉರ್ದು ಎಲ್ಲ ಬೆರೆಸಿ ಆ ಅಂಗಡಿಗಳಲ್ಲಿ ದಿನಾ ಮಾತಾಡ್ತಾ ಇದೆ. ಬರವಣಿಗೆಗೆ ಮಾತ್ರ ಬಂದಿಲ್ಲ. ಬರೆಯೋ ನಮ್ಮಂಥವರು ಇಂಗ್ಲಿಷಿನ ಪಟ್ಟಿ ತಂದು ಕನ್ನಡಕ್ಕೆ ಇಳಿಸ್ತೀವಿ, ಪಕ್ಕದ ಬೀದಿಯ ಮೇಸ್ತ್ರಿಯನ್ನು ಕೇಳಲ್ಲ.

ಕನ್ನಡದಲ್ಲಿ ಇದರ ಬಗ್ಗೆ ಬರೆಯೋರು ಕ್ರಮ ತಿರುಗಿಸಿ ಬರೀಲಿ ಅನ್ನೋದು ನನ್ನ ಬೇಡಿಕೆ. ಮೊದಲು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಅನ್ನಿ, ಬ್ಯಾಂಕಿನ ಓಟಿಪಿ, ಮನೆಯವರ ಕರೆ ನಿಲ್ಲದೆ ಇರಲಿ. ಆದರೆ ಅದಕ್ಕೂ ಮುಂಚೆ ಒಂದು ಸಲ ಕರೆ ಮಾಡಿ ರಿಂಗ್ ಆಗುತ್ತಾ ನೋಡಿ ಅನ್ನಿ. ನೀರು ಬಿದ್ದಿತ್ತಾ, ಬೆನ್ನು ಉಬ್ಬಿದೆಯಾ ಕೇಳಿ, ಎರಡೂ ಇಲ್ಲದಿದ್ದರೆ ಮಾತ್ರ ಚಾರ್ಜಿಗೆ ಹಾಕಿಸಿ, ಎಷ್ಟು ಹೊತ್ತು ಯಾಕೆ ಅಂತ ಹೇಳಿ. ಬಟನ್ ಹಿಡಿಯೋದರಿಂದ ಏನೂ ಅಳಿಸಲ್ಲ ಅಂತ ಧೈರ್ಯ ಕೊಡಿ. ರೀಸೆಟ್ ವಿಷಯ ಬಂದಾಗ ಅಲ್ಲೇ ನಿಲ್ಲಿಸಿ, ‘ಇದರೊಳಗೆ ಬೇರೆಲ್ಲೂ ಇಲ್ಲದ್ದು ಏನಾದರೂ ಇದೆಯಾ?’ ಅಂತ ಕೇಳಿ. ಇದೆ ಅಂದ್ರೆ ಅಂಗಡಿಗೆ ಕೊಡುವಾಗ ಆಡಬೇಕಾದ ಮಾತನ್ನೂ ಬರೆದುಕೊಡಿ: ‘ಡೇಟಾ ಹೋಗಬಾರದು. ಹೋಗೋದಾದ್ರೆ ಮುಟ್ಟೋಕೆ ಮುಂಚೆ ನನಗೆ ಹೇಳಿ.’

ಅತ್ತೆ ಈಗ ಸಂಘದ ಪುಟದ ಫೋಟೋ ತೆಗೆದ ಕೂಡಲೇ ಇನ್ನಿಬ್ಬರು ಸದಸ್ಯರಿಗೆ ವಾಟ್ಸಾಪ್ ಮಾಡ್ತಾರೆ. ಮೂರು ಫೋನು ಒಂದೇ ದಿನ ಸಾಯಲ್ಲ ಅನ್ನೋದು ಅವರ ಲೆಕ್ಕ. ಈ ಉಪಾಯ ಅವರಿಗೆ ಯಾವ ಸಲಹೆಪಟ್ಟಿಯೂ ಹೇಳಿಕೊಟ್ಟಿದ್ದಲ್ಲ.